ಸೈಕಲ್ ಪಂಪಿಗೆ ಕೂಗಿದ ಮಣ್ಣಿನ ಹಕ್ಕಿ

ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ನಮ್ಮ ಬಾವನದೊಂದು ಅಂಗಡಿ ಇದೆ. ಅದರಲ್ಲಿ ನಂಜನಗೂಡಿನಲ್ಲೇ ತಯಾರಾದ ವಸ್ತು ಅಂತ ಇದ್ದದ್ದು ಒಂದೇ ಒಂದು. ಅದು ನಾನು.

ಉಳಿದದ್ದೆಲ್ಲ ಹೊರಗಿನಿಂದ ಬಂದದ್ದು. ಹಿತ್ತಾಳೆಯ ನಂದಿ ಉತ್ತರ ಪ್ರದೇಶದಿಂದ, ದೇವರ ಪಟ ತಮಿಳುನಾಡಿನ ಅಚ್ಚುಕೂಟದಿಂದ, ಗಾಜಿನ ಉಂಡೆಯೊಳಗಿನ ತಾಜಮಹಲು ದೆಹಲಿಯ ಸಗಟು ಬಜಾರಿನಿಂದ. ಗುಂಡಿ ಒತ್ತಿದರೆ ದೀಪ ಮಿನುಗಿಸಿ ಓಂಕಾರ ಹಾಡುವ ಪ್ಲಾಸ್ಟಿಕ್ ಶಿವ ಚೀನಾದವನು. ಪಾಪ, ಅಷ್ಟು ದೂರದಿಂದ ಬಂದದ್ದಕ್ಕೋ ಏನೋ, ಅವನ ಓಂಕಾರಕ್ಕೆ ನೆಗಡಿಯಾಗಿತ್ತು. ನಾನು ಅದೇ ನೆಗಡಿಯ ದನಿ ತೆಗೆದರೆ ಗಿರಾಕಿಗಳು ಆಟಿಕೆ ಯಾವುದು, ಆಳು ಯಾವನು ಅಂತ ಎರಡೆರಡು ಸಲ ನೋಡುತ್ತಿದ್ದರು. ಬಸ್ ಕಂಡಕ್ಟರು, ಉತ್ಸವದ ಮೈಕಿನವನು, ಚೌಕಾಸಿಗೆ ನಿಂತ ಬಾವ, ನನ್ನ ಗಂಟಲಲ್ಲಿ ಇವರೆಲ್ಲ ಬಾಡಿಗೆಗೆ ಇದ್ದರು. ನನ್ನ ಸ್ವಂತ ದನಿ ಯಾವುದು ಅಂತ ಅಕ್ಕ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತಿದ್ದೆ.

ಮೂರು ವರ್ಷದ ಕೆಳಗೆ ಒಂದು ಸೋಮವಾರ, ಹತ್ತಿ ಸೀರೆ ಉಟ್ಟ ಹೆಂಗಸೊಬ್ಬರು ಅಂಗಡಿಗೆ ಬಂದು ಒಂದೊಂದೇ ಸಾಮಾನನ್ನು ಎತ್ತಿ ಅದರ ತಳ ನೋಡತೊಡಗಿದರು.

"ಇದರಲ್ಲಿ ಇಲ್ಲೇ ಮಾಡಿದ್ದು ಯಾವುದಪ್ಪಾ?" ಅಂದರು.

"ನಾನೇ ಮೇಡಂ. ಸರ್ಕಾರಿ ಆಸ್ಪತ್ರೆ ತಯಾರಿಕೆ. ಗ್ಯಾರಂಟಿ ಇಲ್ಲ, ವಾಪಸ್ ತಗೊಳ್ಳೋದೂ ಇಲ್ಲ" ಅಂದೆ, ಚೀನಾದ ಶಿವನ ನೆಗಡಿಯ ದನಿಯಲ್ಲಿ.

ಬಾವ ನನ್ನ ಕಾಲು ತುಳಿದ. ಆಕೆ ನಗಲಿಲ್ಲ. ಪ್ರವಾಸಿಗರಿಗೆ ಸಂಬಂಧಿಸಿದ ಸರ್ಕಾರಿ ಕಚೇರಿಯೊಂದರ ಅಧಿಕಾರಿ ತಾನೆಂದು ಹೇಳಿ, ನಾಳೆ ಕಚೇರಿಗೆ ಬಂದು ಕಾಣು ಅಂದರು. ಅಂಗಡಿ ಮುಚ್ಚಿಸುತ್ತಾರೆ ಅಂತ ಬಾವ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಮುಚ್ಚಿಸಲಿಲ್ಲ, ತೆರೆಸಿದರು. ತಿರುಮಕೂಡಲು ನರಸೀಪುರದ ಸಂಗಮದ ಬಳಿ ಒಂದು ಪುಟ್ಟ ಮಳಿಗೆ ಖಾಲಿ ಇತ್ತು. ತಲಕಾಡು, ಸೋಮನಾಥಪುರ ಅಂತ ಹೊರಟವರೆಲ್ಲ ಅಲ್ಲಿ ಇಳಿದು ಕಾಲು ನೆನೆಸಿಕೊಂಡು ಹೋಗುವ ಜಾಗ. ದೀಪಾವಳಿಯಿಂದ ಯುಗಾದಿಯವರೆಗೆ ಅದನ್ನು ನನಗೆ ಕೊಡುವುದು. ಷರತ್ತು ಒಂದೇ: ಅಲ್ಲಿ ಮಾರುವ ಸಾಮಾನೆಲ್ಲ ನಂಜನಗೂಡು, ನರಸೀಪುರ ಈ ಎರಡು ತಾಲೂಕಿನೊಳಗೇ ತಯಾರಾಗಿರಬೇಕು. ಯುಗಾದಿ ಕಳೆದ ಮೇಲೆ ಮೇಡಂ ಬಂದು ನೋಡುತ್ತಾರೆ. ಒಪ್ಪಿಗೆಯಾದರೆ ಮಳಿಗೆ ನನ್ನದೇ. ಇಲ್ಲದಿದ್ದರೆ ಷರತ್ತು ರದ್ದು, ಮಳಿಗೆ ಅದಕ್ಕೆ ಅರ್ಜಿ ಹಾಕಿರುವ ಮುಂದಿನವರದು.

ಮುಂದಿನವರು ಯಾರು ಅಂದರೆ, ನಮ್ಮ ಬಾವ.

"ನೋಡ್ಲಾ ಬಾಮೈದ, ಬೇಜಾರು ಮಾಡ್ಕಬ್ಯಾಡ. ವ್ಯಾಪಾರ ಬ್ಯಾರೆ, ಸಂಬಂಧ ಬ್ಯಾರೆ. ನೀನು ಸೋತ್ರೆ ಮಳಿಗೆ ನಂದು, ನೀನೂ ನಂದು. ಅಲ್ಲೇ ನಿಂತ್ಕಂಡು ತಾಜಮಹಲ್ ಮಾರಿವಂತೆ" ಅಂದ. ಆ ಕ್ಷಣದಿಂದ ನನಗೆ ಮಳಿಗೆಯ ಮೇಲೆ ನಿಜವಾದ ಆಸೆ ಹುಟ್ಟಿತು. ಅಲ್ಲಿಯವರೆಗೆ ನಾನು ಬದುಕಿನಲ್ಲಿ ಇನ್ನೊಬ್ಬರ ದನಿ ಬಿಟ್ಟು ಬೇರೇನನ್ನೂ ಮಾಡಿದವನಲ್ಲ.

ಆದರೆ ಮಾರುವುದೇನನ್ನು? ರಸಬಾಳೆ ನಮ್ಮದೇ, ಅದರಲ್ಲಿ ಅನುಮಾನವಿಲ್ಲ. ಗೊನೆ ತಂದು ತೂಗುಹಾಕಿದೆ. ಪ್ರವಾಸಿಗರು ಅಲ್ಲೇ ಸುಲಿದು ತಿಂದು, ಸಿಪ್ಪೆಯನ್ನು ನನಗೇ ನೆನಪಿನ ಕಾಣಿಕೆಯಾಗಿ ಬಿಟ್ಟುಹೋದರು. ಉಳಿದ ಹಣ್ಣು ಕಪ್ಪಾಗಿ, ಸಂಗಮದ ನೊಣಗಳೆಲ್ಲ ಯಾತ್ರೆಗೆ ಬಂದವು. ಕಳಲೆಯಲ್ಲಿ ಒಬ್ಬಾಕೆ ಈಚಲು ಚಾಪೆ ಹೆಣೆಯುತ್ತಿದ್ದರು. ಚೆನ್ನಾಗಿತ್ತು, ಆದರೆ ಅದನ್ನು ಹೊತ್ತು ಬಸ್ ಹತ್ತಿದವನಿಗೆ ಕಂಡಕ್ಟರು ಚಾಪೆಗೂ ಟಿಕೆಟ್ಟು ಹರಿಯುತ್ತಾನೆ. ಬಿಳಿಗೆರೆಯ ಕುಲುಮೆಯಲ್ಲಿ ಕುಡುಗೋಲು ಸಿಕ್ಕಿತು. ಹೊಸದಾಗಿ ಮದುವೆಯಾದವರು ಜೋಡಿ ಜೋಡಿಯಾಗಿ ಬರುವ ಜಾಗದಲ್ಲಿ ಕುಡುಗೋಲು ಮಾರುವ ಧೈರ್ಯ ನನಗಾಗಲಿಲ್ಲ.

ವಾರದ ಸಂತೆಗೆ ಬಂದ ಬಾವ ಮಳಿಗೆಯ ಖಾಲಿ ಹಲಗೆ ನೋಡಿ ಹೊಟ್ಟೆ ಹಿಡಿದು ನಕ್ಕ. "ಕಾಶಿಗಿಂತ ಒಂದು ಗುಲಗಂಜಿ ತೂಕ ಜಾಸ್ತಿ ಪುಣ್ಯ ಅಂತೆ ಕಣ್ಲಾ ಈ ಊರಿಗೆ. ನಿನ್ನಂಗ್ಡಿಲಿ ಮಾರಕ್ಕೆ ಆ ಗುಲಗಂಜಿನೂ ಇಲ್ವಲ್ಲ!"

ಕಡೆಗೆ ಸೋಸಲೆ ದಾರಿಯಲ್ಲಿ ಒಬ್ಬ ಕುಂಬಾರಣ್ಣ ಸಿಕ್ಕಿದ. ಗಡಿಗೆ, ಮದುವೆಯ ಅರಿವೇಣಿ ಕೊಡ, ಹಬ್ಬಕ್ಕೆ ಗಣಪತಿ, ಇಷ್ಟು ಅವನ ಕಸುಬು. ಉಳಿದ ತಿಂಗಳು ಇಟ್ಟಿಗೆ ಗೂಡಿನ ಕೆಲಸ. ನಾನು ಅಂಗೈಯಲ್ಲಿ ಹಿಡಿಸುವಂಥ ಲಿಂಗ, ಬಸವ ಮಾಡಿಕೊಡು ಅಂದೆ.

"ನನ್ನ ಬೆಳ್ಳು ನೋಡಪ್ಪ, ಒಂದೊಂದು ಮೂಲಂಗಿ ಇದ್ದಂಗವೆ. ಇವುರಲ್ಲಿ ಚೋಟುದ್ದ ಸಾಮಿ ಎಲ್ಲಿಂದ ಬತ್ತಾನೆ?" ಅಂದ. ಆದರೂ ಮಾಡಿದ. ಕೆರೆಯ ಜೇಡಿಯನ್ನು ಒಣಗಿಸಿ ಕುಟ್ಟಿ, ನೆನೆಹಾಕಿ, ಹಳೆಯ ಪಂಚೆಯಲ್ಲಿ ಸೋಸಿ, ನುಣ್ಣನೆ ಮರಳು ಬೆರೆಸಿ ತುಳಿದದ್ದು ನಾನು. ತುಳಿಯುವಾಗ ಅವನದೇ ದನಿಯಲ್ಲಿ "ಇನ್ನೂ ಒಸಿ ತುಳಿಯಪ್ಪ" ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೀಗೆ ಹೇಳುವ ಕೆಲಸವೂ ಅವನಿಗೆ ತಪ್ಪಿತು.

ಮೊದಲ ಆವಿಗೆಯಲ್ಲಿ, ಅಂದರೆ ಬೆರಣಿ, ತೆಂಗಿನ ಗರಿ, ಹುಲ್ಲು ಒಟ್ಟಿ ಸುಡುವ ಆ ಗುಂಡಿಯಲ್ಲಿ, ಬೆಂಕಿ ಏರುತ್ತಿದ್ದಂತೆ ಪಟಾರ್ ಪಟಾರ್ ಅಂತ ಸದ್ದು. ಲಿಂಗಗಳೆಲ್ಲ ಸಿಡಿದು ಚೂರಾದವು. ಒಳಗೆ ಗಟ್ಟಿಯಾಗಿ ಮಣ್ಣು ತುಂಬಿದ್ದರಿಂದ ಒಡಲಿನ ಪಸೆ ಆವಿಯಾಗಿ ಹೊರಬರಲು ದಾರಿಯಿರಲಿಲ್ಲ.

"ಹಿಂಗಾಯ್ತದೆ ಅಂತ ಹೇಳಿದ್ದೆ" ಅಂದ ಕುಂಬಾರಣ್ಣ.

"ಯಾವಾಗ ಹೇಳ್ದೆ?"

"ಮನಸ್ನಾಗೆ ಹೇಳ್ಕಂಡಿದ್ದೆ."

ಎರಡನೆಯ ಸಲ ಎಲ್ಲವನ್ನೂ ಒಳಗೆ ಟೊಳ್ಳು ಮಾಡಿ, ತಳದಲ್ಲಿ ಕಡ್ಡಿಯಿಂದ ಒಂದು ತೂತು ಬಿಟ್ಟ. ಒಂದೂ ಸಿಡಿಯಲಿಲ್ಲ. ಕೆಂಪಗೆ ಬೆಂದು, ಬಡಿದರೆ ಠಣ್ ಅನ್ನುವ ಲಿಂಗ, ಬಸವಗಳನ್ನು ಮಳಿಗೆಯಲ್ಲಿ ಸಾಲಾಗಿ ಜೋಡಿಸಿದೆ. ಮೈಕಿನವನ ದನಿಯಲ್ಲಿ ಕೂಗಿದೆ: "ಇದೇ ಮಣ್ಣು, ಇದೇ ನೀರು, ಇದೇ ಬೆಂಕಿ!" ಜನ ಕೊಂಡರು. ಚೆನ್ನಾಗಿಯೇ ಕೊಂಡರು. ಕುಂಬಾರಣ್ಣ ಇಟ್ಟಿಗೆ ಗೂಡಿನ ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿಕಳಿಸಿ ಮತ್ತೊಂದು ಆವಿಗೆಗೆ ಕೂತ. ನಾನು ಬಾವನಿಗೆ ಫೋನು ಮಾಡಿ ಚೀನಾದ ಶಿವನ ದನಿಯಲ್ಲಿ ಸಮಾಚಾರ ತಿಳಿಸಿದೆ.

ಪಕ್ಕದಲ್ಲಿ ಹೂವು ಮಾರುವ ಅಮ್ಮ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ಒಂದು ಸಂಜೆ, "ಲೇ ಬಾಯಿಬಡುಕ, ಒಸಿ ಆ ಅಳ್ಳಿಕಟ್ಟೆ ಹಿಂದ್ಕೋಗಿ ನೋಡ್ಕಂಡ್ ಬಾ" ಅಂದಳು.

ಹೋದೆ. ಅರಳಿಕಟ್ಟೆಯ ಹಿಂಬದಿಯಲ್ಲಿ ಎಲ್ಲ ಊರಿನಲ್ಲಿ ಇರುವಂತೆಯೇ ಗಾಜು ಒಡೆದ ದೇವರ ಪಟ, ಹಳೆಯ ಕ್ಯಾಲೆಂಡರು, ಮುಕ್ಕಾದ ಗಣಪತಿ. ಮನೆಯಲ್ಲಿ ಇಟ್ಟುಕೊಳ್ಳಲೂ ಆಗದ, ತಿಪ್ಪೆಗೆ ಎಸೆಯಲೂ ಆಗದ ದೇವರುಗಳನ್ನು ಜನ ಬಿಟ್ಟುಹೋಗುವ ಜಾಗ. ಅವುಗಳ ಮುಂದೆ ನನ್ನ ಲಿಂಗ, ನನ್ನ ಬಸವ. ಒಂದೆರಡಲ್ಲ, ಮಳಿಗೆಯ ಶಾಖೆಯೇ ತೆರೆದ ಹಾಗಿತ್ತು. ಯಾರೋ ಪುಣ್ಯಾತ್ಮರು ಕುಂಕುಮ ಬೇರೆ ಇಟ್ಟಿದ್ದರು.

ನಾನು ಬಾಯಿ ತೆರೆದು ನಿಂತಿರುವಾಗಲೇ ಪ್ಯಾಂಟು ಮಡಿಚಿದ ಗಿರಾಕಿಯೊಬ್ಬ ಕಳ್ಳಹೆಜ್ಜೆಯಲ್ಲಿ ಬಂದು ಚೀಲದಿಂದ ಲಿಂಗ ತೆಗೆದ. ನನ್ನನ್ನು ಕಂಡು ಬೆಚ್ಚಿದ.

"ಸಾರಿ ಕಣ್ರೀ. ಮನೆಗೆ ಫೋನ್ ಮಾಡ್ದೆ. ನಮ್ಮಮ್ಮ, ಲಿಂಗ ತಂದ್ರೆ ದಿನಾ ಮಡಿಯಲ್ಲಿ ಪೂಜೆ ಆಗ್ಬೇಕು, ನೀನು ಮಾಡ್ತೀಯಾ ಅಂದ್ರು. ನಾನು ಭಾನುವಾರ ಸ್ನಾನಾನೇ ಮಾಡಲ್ಲ ರೀ."

ಹಿಂತಿರುಗಿ ಬಂದಾಗ ಹೂವಿನಮ್ಮ ದಾರ ಕಚ್ಚುತ್ತ ಕೇಳಿದಳು: "ನಿಮ್ಮ ಬಾವ ಮಾರೋ ಲೈಟಿನ ಶಿವಂಗೆ ಯಾರು ಮಡಿ ಮಾಡ್ತಾರೆ? ಅದು ಗೊಂಬೆ ಅಂತ ಎಲ್ರಿಗೂ ಗೊತ್ತು. ನಿಂದು ಮಣ್ಣಿನ ಸಾಮಿ ಕಣ್ಲಾ. ಮಣ್ಣಲ್ಲಿ ಮಾಡಿದ್ರೆ ಅವನು ಬಂದು ಕುಂತ್ಕತಾನೆ. ಬಂದೋನ್ನ ಉಪಾಸ ಕೆಡವಕ್ಕಾಯ್ತದಾ?"

ಅವತ್ತು ನನಗೆ ಯಾರ ದನಿಯೂ ಬರಲಿಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ ದೂರದ ಸರಕೇ ಯಾಕೆ ತುಂಬಿದೆ ಅನ್ನುವುದಕ್ಕೆ ನಾನು ಬೆಲೆ, ಸಾಗಣೆ, ಮಿಂಚು ಅಂತ ಏನೇನೋ ಕಾರಣ ಇಟ್ಟುಕೊಂಡಿದ್ದೆ. ಇಲ್ಲಿಯ ಸಾಮಾನನ್ನು ಜನ ಇಷ್ಟೊಂದು ನಂಬುತ್ತಾರೆ, ಅದಕ್ಕೇ ಮನೆಗೆ ಒಯ್ಯಲು ಹೆದರುತ್ತಾರೆ ಅನ್ನುವುದು ಹೊಳೆದೇ ಇರಲಿಲ್ಲ.

ಮಾರನೆಯ ದಿನ ಗಿರಾಕಿ ಇಲ್ಲದೆ ಕೂತು, ಉಳಿದಿದ್ದ ಒಂದು ಬಸವನ ಬೂದಿ ಒರೆಸುತ್ತಿದ್ದೆ. ತಳದ ತೂತಿನಲ್ಲಿ ಬೂದಿ ಕಟ್ಟಿಕೊಂಡಿತ್ತು. ಅದು ಹೋಗಲೆಂದು ಪಕ್ಕದಿಂದ ಊದಿದೆ. ಬಸವ "ಹೂಂ" ಅಂದ. ನಾನು ಆಡಿದ ದನಿಯಲ್ಲ. ಮತ್ತೆ ಊದಿದೆ. "ಹೂಂ."

"ಸಾಮಿಗೆ ಬಾಯಿ ಇಕ್ತೀಯೇನ್ಲಾ ಮೂದೇವಿ!" ಅಂತ ಹೂವಿನಮ್ಮ ಮಲ್ಲಿಗೆ ದಾರದ ಉಂಡೆಯನ್ನೇ ಎಸೆದಳು. ನಾನು ಅದನ್ನು ಹಿಡಿದುಕೊಂಡೇ ಸೋಸಲೆ ಬಸ್ಸಿಗೆ ಓಡಿದೆ.

ಕುಂಬಾರಣ್ಣನ ಅಂಗಳದಲ್ಲಿ ಹಸಿ ಲಿಂಗಗಳು ನೆರಳಿನಲ್ಲಿ ಆರುತ್ತಿದ್ದವು. ಇನ್ನೆರಡು ದಿನದಲ್ಲಿ ಬೆಂಕಿಗೆ ಹೋಗಬೇಕು. "ಸುಡಬೇಡ. ಎಲ್ಲಾನೂ ನೀರಿಗೆ ಹಾಕು. ಇನ್ನು ಮೇಲೆ ದೇವ್ರು ಬೇಡ, ಊದಿದ್ರೆ ಕೂಗೋ ಹಕ್ಕಿ ಮಾಡು" ಅಂದೆ.

ಅವನು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ಇಟ್ಟಿಗೆ ಗೂಡಿನೋನಿಗೆ ಬರಾಕಿಲ್ಲ ಅಂದ್ಬುಟ್ಟೆ ಕಣಪ್ಪ ನಿನ್ನ ನಂಬ್ಕಂಡು. ಈಗ ಮಾಡಿದ್ದನ್ನ ಕರಗ್ಸು ಅಂತೀಯಲ್ಲ, ತಲೆಗಿಲೆ ಕೆಟ್ಟದಾ?"

"ಸುಟ್ರೆ ಅರಳಿಕಟ್ಟೆಗೆ ಹೋಗ್ತವೆ. ಕರಗಿಸಿದ್ರೆ ಮಣ್ಣಾದ್ರೂ ಉಳೀತದೆ." ಇದನ್ನು ಯಾರ ದನಿಯಲ್ಲೂ ಅಲ್ಲ, ನನ್ನ ದನಿಯಲ್ಲೇ ಹೇಳಿದೆ. ಅದಕ್ಕೇ ಇರಬೇಕು, ಅವನು ಬೈಯುತ್ತಲೇ ಎದ್ದು ಒಂದೊಂದಾಗಿ ಲಿಂಗಗಳನ್ನು ತೊಟ್ಟಿಗೆ ಇಳಿಸಿದ. ಪ್ರತಿಯೊಂದನ್ನೂ ಹಣೆಗೆ ಒತ್ತಿಕೊಂಡು ಇಳಿಸಿದ್ದರಿಂದ ಮಧ್ಯಾಹ್ನವಾಯಿತು.

ಚಿಕ್ಕಂದಿನಲ್ಲಿ ಅವನ ಅಜ್ಜ ನೀರು ತುಂಬಿ ಊದುವ ಹಕ್ಕಿ ಪೀಪಿ ಮಾಡುತ್ತಿದ್ದನಂತೆ. ಇವನಿಗೆ ಆಕಾರ ನೆನಪಿತ್ತು, ಒಳಗಿನ ಗುಟ್ಟು ನೆನಪಿರಲಿಲ್ಲ. ನನಗೆ ಸದ್ದು ಹೇಗಿರಬೇಕೆಂದು ಗೊತ್ತಿತ್ತು, ಮಣ್ಣು ಗೊತ್ತಿರಲಿಲ್ಲ. ಇಬ್ಬರೂ ಸೇರಿ ಒಬ್ಬ ಅರೆಬರೆ ಅಜ್ಜನಾದೆವು. ಎರಡು ಪುಟ್ಟ ಬಟ್ಟಲು ಒತ್ತಿ, ಅಂಚಿಗೆ ನೀರುಮಣ್ಣು ಸವರಿ ಕೂಡಿಸಿದರೆ ಟೊಳ್ಳು ಹೊಟ್ಟೆ. ಬಾಲದ ಕಡೆಯಿಂದ ಬಿದಿರ ಸೀಳು ತೂರಿಸಿದರೆ ಗಾಳಿಯ ದಾರಿ. ಅದು ಮುಗಿಯುವಲ್ಲಿ ಒಂದು ಕಿಂಡಿ ಕೊರೆದು, ಕಿಂಡಿಯ ಎದುರು ಅಂಚನ್ನು ಓರೆಯಾಗಿ, ಚೂಪಾಗಿ ಕೆತ್ತಬೇಕು. ಗಾಳಿ ಆ ಅಂಚಿಗೆ ಬಡಿದು ಸೀಳಿದರೇನೇ ದನಿ. ಹೊಟ್ಟೆಗೆ ಅರ್ಧ ನೀರು ಹಾಕಿ ಊದಿದರೆ ನೀರು ಕುಣಿದು ದನಿ ತುಳುಕುತ್ತದೆ.

ಹಸಿಯಲ್ಲಿ ಎಲ್ಲ ಹಕ್ಕಿಗಳೂ ಕೂಗಿದವು. ಕುಣಿದಾಡಿದೆವು. ಸುಟ್ಟು ತೆಗೆದರೆ ಎಲ್ಲ ಮೂಗ! ಆರುವಾಗ ಮಣ್ಣು ಕುಗ್ಗಿ ಗಾಳಿಯ ದಾರಿ ಓರೆಯಾಗಿತ್ತು. ಮುಂದಿನ ಸಲ ದಪ್ಪ ಸೀಳು ಬಳಸಿದೆವು. ಗಾಳಿ ಸುಮ್ಮನೆ ಹಾದುಹೋಯಿತು, ಫುಸ್. ಆಮೇಲೆ ಕುಂಬಾರಣ್ಣ ಹಕ್ಕಿಗಳನ್ನು ಒದ್ದೆ ಗೋಣಿಯ ಕೆಳಗೆ ನಿಧಾನ ಆರಲು ಬಿಟ್ಟು, ಚರ್ಮದಷ್ಟು ಗಟ್ಟಿಯಾದಾಗ ಮತ್ತೆ ಸೀಳು ಆಡಿಸಿ, ಅಂಚನ್ನು ಹರಿತ ಮಾಡುವ ಉಪಾಯ ಹಿಡಿದ. ನಾನು ಪಕ್ಕದಲ್ಲಿ ಕೂತು ಪಿಕಳಾರ ಹಕ್ಕಿಯ ದನಿ ತೆಗೆಯುವುದು, ಅವನು ಅದಕ್ಕೆ ಹತ್ತಿರ ಬರುವವರೆಗೆ ಕೆರೆಯುವುದು. ಶಿವರಾತ್ರಿ ಹೊತ್ತಿಗೆ ಬೆಂದ ಹಕ್ಕಿಗಳು ಬಾಯಿಬಿಟ್ಟವು.

ಮಳಿಗೆಗೆ ತಂದು ಮೊದಲ ಗಿರಾಕಿಯ ಎದುರು ಹೆಮ್ಮೆಯಿಂದ ಒಂದನ್ನು ಬಾಯಿಗಿಟ್ಟು ಊದಿ, ಒರೆಸಿ, ಕೈಗೆ ಕೊಟ್ಟೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಎಂಜಲು ಮಾಡಿ ಕೊಡ್ತೀಯಲ್ಲಪ್ಪ!"

"ಬೇರೆದು ತಗೊಳ್ಳಿ ಅಮ್ಮಾ."

"ಅದನ್ನೂ ನೀನು ಊದಿರ್ತೀಯ. ಇಲ್ಲದಿದ್ರೆ ಕೂಗ್ತದೆ ಅಂತ ನಿಂಗೆ ಹೆಂಗೆ ಗೊತ್ತು?"

ನಿಜ. ಒಂದೊಂದನ್ನೂ ಅಂಗಳದಲ್ಲಿ ಕುಂಬಾರಣ್ಣ ಒಮ್ಮೆ, ನಾನೊಮ್ಮೆ ಊದಿ ಪರೀಕ್ಷೆ ಮಾಡಿದ್ದೆವು. ಎಂಜಲು ಮುಸುರೆ ನೋಡುವ ಮನೆಯಲ್ಲಿ ಹುಟ್ಟಿ ಬೆಳೆದ ನಾನು, ಅಕ್ಕನ ಲೋಟಕ್ಕೆ ಬಾಯಿ ತಾಗಿಸಿದ್ದಕ್ಕೆ ಎಷ್ಟೋ ಸಲ ಏಟು ತಿಂದ ನಾನು, ಇದನ್ನು ಮರೆತಿದ್ದೆ! ದೇವರಾದರೆ ಮಡಿ, ಹಕ್ಕಿಯಾದರೆ ಎಂಜಲು. ಈ ಊರಿನಲ್ಲಿ ಪ್ಲಾಸ್ಟಿಕ್ ತಾಜಮಹಲೇ ಸರಿ ಅನ್ನಿಸಿಬಿಟ್ಟಿತು.

ಹೂವಿನಮ್ಮ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಆ ಕಡೆಯ ಪಂಕ್ಚರ್ ಅಂಗಡಿಯತ್ತ ಗಲ್ಲ ತೋರಿಸಿ, "ಅವನೇನು ಟ್ಯೂಬಿಗೆ ಬಾಯಲ್ಲಿ ಊದ್ತಾನಾ?" ಅಂದಳು.

ಅಂದಿನಿಂದ ಪರೀಕ್ಷೆ ಸೈಕಲ್ ಪಂಪಿನದು. ಪಂಪಿನ ಕೊಳವೆಗೆ ಚಿಕ್ಕ ಬಟ್ಟೆ ಸುತ್ತಿ ಬಾಲಕ್ಕೆ ಒತ್ತಿ ಮೆಲ್ಲಗೆ ತಳ್ಳುವುದು. ಜೋರಾಗಿ ತಳ್ಳಿದರೆ ಕಿರುಚುತ್ತಿತ್ತು, ಮೆಲ್ಲಗೆ ತಳ್ಳಿದರೆ ಹಾಡುತ್ತಿತ್ತು. ಮಳಿಗೆಯಲ್ಲಿ ಪಂಪು ಹಿಡಿದು ನಿಂತರೆ ಚಂದವಿಲ್ಲವೆಂದು, ಗಿರಾಕಿಗಳಿಗೆ ದನಿ ಕೇಳಿಸುವ ಕೆಲಸ ನನ್ನ ಗಂಟಲಿಗೆ ಬಂತು. ಹಕ್ಕಿಯನ್ನು ಅಂಗೈಯಲ್ಲಿಟ್ಟು, ಮುಟ್ಟದೆ, ನಾನೇ ಅದರ ಹಾಗೆ ಕೂಗುತ್ತಿದ್ದೆ. ಕೊಂಡವರು ಅರ್ಧಕ್ಕೆ ಬೋರ್‌ವೆಲ್ ನೀರು ಹಾಕಿ ತಾವೇ ಊದಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಅರಳಿಕಟ್ಟೆಯ ಹಿಂದೆ ಒಂದು ಹಕ್ಕಿಯೂ ಹೋಗಿ ಕೂರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದೆ.

ಯುಗಾದಿ ಕಳೆದು ಮೇಡಂ ಜೀಪಿನಲ್ಲಿ ಬಂದರು. ಬಾವ ಮುಂಚೆಯೇ ಬಂದು, ಮಾದರಿ ಸಾಮಾನಿನ ಚೀಲ ಹಿಡಿದು, ಇಸ್ತ್ರಿ ಅಂಗಿಯಲ್ಲಿ ನಿಂತಿದ್ದ. ಮೇಡಂ ಹಕ್ಕಿಗಳ ತಳ ನೋಡಿದರು. ಮಣ್ಣು ಯಾವ ಕೆರೆಯದು, ಬಣ್ಣ ಯಾಕಿಲ್ಲ ಅಂದರು. ಬಣ್ಣ ಹೊರಗಿನಿಂದ ಬರಬೇಕು, ಅದಕ್ಕೇ ಹಾಕಿಲ್ಲ ಅಂದೆ. ತಲೆಯಾಡಿಸಿದರು. ಕೂಗಿಸಿ ತೋರಿಸಿ ಅಂದರು. ನಾನು ಅಭ್ಯಾಸದಂತೆ ಅಂಗೈಯಲ್ಲಿಟ್ಟು ಕೂಗಿದೆ.

"ಒಂದು ನಿಮಿಷ. ಇದು ಆ ಹಕ್ಕಿ ಮಾಡಿದ ಸೌಂಡಾ, ನೀವು ಮಾಡಿದ್ದಾ?"

"ನಾನು ಮಾಡಿದ್ದು ಮೇಡಂ. ಅದೂ ಹೀಗೇ..."

"ಹಾಗಾದ್ರೆ ನಾನೇ ಊದಿ ನೋಡ್ತೀನಿ. ನೀವು ನಂಜನಗೂಡಲ್ಲಿ ಮಾಡ್ತಿದ್ದ ಮಿಮಿಕ್ರಿ ನಂಗೆ ನೆನಪಿದೆ. ಬಾಯಲ್ಲಿ ನೀರು ತುಂಬ್ಕೊಂಡು ಆ ಕಡೆ ನಿಂತ್ಕೊಳ್ಳಿ. ಉಗುಳಬಾರದು, ನುಂಗಬಾರದು."

ಕೆನ್ನೆ ಉಬ್ಬಿಸಿ ನಿಂತೆ. ಮೇಡಂ ಚೊಂಬಿನಿಂದ ಹಕ್ಕಿಗೆ ನೀರು ಹಾಕಿದರು. ಹಾಕುತ್ತಲೇ ಹೋದರು. ಕತ್ತಿನವರೆಗೆ. ನನ್ನ ಜೀವ ಬಾಯಿಗೆ ಬಂತು, ಆದರೆ ಅಲ್ಲಿ ಜಾಗವಿರಲಿಲ್ಲ. ನೀರು ಅಷ್ಟಾದರೆ ಕಿಂಡಿ ಮುಳುಗುತ್ತದೆ, ಏನೂ ಕೂಗುವುದಿಲ್ಲ. ಅವರು ಊದಿದರು. ಗುಳುಗುಳು. ಮತ್ತೆ ಊದಿದರು. ಗುಳುಗುಳು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಕೈ ಬಗ್ಗಿಸಿ, ಬೆರಳು ತೋರಿಸಿ, ಸೊಂಟ ಓರೆ ಮಾಡಿ ಚೆಲ್ಲಿ ಚೆಲ್ಲಿ ಅಂತ ಅಭಿನಯಿಸಿದೆ. ಡ್ರೈವರು ನನಗೆ ಹೊಟ್ಟೆನೋವು ಅಂದುಕೊಂಡು ಜೀಪಿನಿಂದ ಇಳಿದ. ಹೂವಿನಮ್ಮ ಅಂದು ಮದುವೆಗೆ ಹೋಗಿದ್ದಳು. ಮೇಡಂ ಹಕ್ಕಿಯನ್ನು ಹಲಗೆಯ ಮೇಲಿಟ್ಟು ಬಾವನ ಚೀಲದ ಕಡೆ ತಿರುಗಿದರು.

ಬಾವ ಚೀಲದ ಜಿಪ್ಪು ಅರ್ಧ ಎಳೆದ. ನಿಲ್ಲಿಸಿದ. ನನ್ನ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ.

"ಮೇಡಮ್ಮೋರೆ, ನೀರು ಜಾಸ್ತಿ ಆಯ್ತು. ಅರ್ಧ ಚೆಲ್ಬುಟ್ಟು ಮೆಲ್ಲುಕೆ ಊದಿ."

ಮೇಡಂ ಚೆಲ್ಲಿದರು. ಊದಿದರು. ಹಕ್ಕಿ ಕೂಗಿತು. ಪಿಕಳಾರ ಮಳೆ ನಿಂತ ಮೇಲೆ ಕೂಗುವ ಹಾಗೆ, ಉರುಳುರುಳಿ, ಮೆಟ್ಟಿಲುಗಳ ಕೆಳಗೆ ಸ್ನಾನ ಮಾಡುತ್ತಿದ್ದವರು ತಲೆ ಎತ್ತಿ ಮರ ನೋಡುವ ಹಾಗೆ ಕೂಗಿತು. ನಾನು ನಕ್ಕುಬಿಟ್ಟೆ. ಬಾಯಲ್ಲಿದ್ದ ನೀರಷ್ಟೂ ಬಾವನ ಇಸ್ತ್ರಿ ಅಂಗಿಯ ಮೇಲೆ ಹಾರಿತು.

ಮೇಡಂ ಇನ್ನೊಮ್ಮೆ ಊದಿದರು. ಅದು ಪರೀಕ್ಷೆಗಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಗಲ್ಲ ಒರೆಸಿಕೊಂಡು, ಮಳಿಗೆ ನಿಮಗೇ, ನಾಳೆ ಬಂದು ಸಹಿ ಮಾಡಿ ಅಂದು, ಹಕ್ಕಿಗೆ ಹಣ ಕೊಟ್ಟು ಜೀಪು ಹತ್ತಿದರು.

ಜೀಪು ಹೋದ ಮೇಲೆ ಬಾವನನ್ನು ಕೇಳಿದೆ: "ನಿಂಗೆ ಹೆಂಗೆ ಗೊತ್ತಾಯ್ತು ನೀರಿನ ವಿಷ್ಯ?"

"ನಿಮ್ಮಕ್ಕ ಒಂದು ತಂದು ಅಡುಗೆಮನೇಲಿ ಇಕ್ಕವಳೆ. ಬೆಳಿಗ್ಗೆ ಎದ್ದು ಅದನ್ನ ಊದ್ದೆ ನಂಗೆ ಕಾಫಿ ಇಳಿಯಾಕಿಲ್ಲ."

"ಸುಮ್ನೆ ಇದ್ದಿದ್ರೆ ಮಳಿಗೆ ನಿಂದಾಗಿರೋದಲ್ಲ ಬಾವ. ಯಾಕೆ ಹೇಳ್ದೆ?"

ಅವನು ಒದ್ದೆ ಅಂಗಿಯನ್ನು ಮೈಯಿಂದ ಬಿಡಿಸಿಕೊಳ್ಳುತ್ತ, "ನೀನು ಬಾಯಿ ಮುಚ್ಕಂಡು ನಿಂತಿದ್ದು ನೋಡಕ್ಕಾಗ್ಲಿಲ್ಲ ಕಣ್ಲಾ" ಅಂದ.

ಆಮೇಲೆ ಚೀಲದಲ್ಲಿದ್ದ ತಾಜಮಹಲುಗಳನ್ನೆಲ್ಲ ಒಂದು ಮೂಲೆಗೆ ಒತ್ತಿ ಜಾಗ ಮಾಡಿಕೊಂಡ. ಹಕ್ಕಿಗಳ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನಂಜನಗೂಡಿನ ಅಂಗಡಿಗೆ ಹಕ್ಕಿಗಳನ್ನು ಆರಿಸತೊಡಗಿದ. ಒಂದೊಂದನ್ನೂ ಬೆರಳಿನಿಂದ ಬಡಿದು, ಕಿವಿಗೆ ಹಿಡಿದು, ಕಿಂಡಿಯೊಳಗೆ ಒಂದು ಕಣ್ಣು ಮುಚ್ಚಿ ನೋಡಿ, ತಲೆ ಎತ್ತದೆಯೇ ಕೈ ಚಾಚಿ ಕೇಳಿದ:

"ಆ ಪಂಪು ಎಲ್ಲಿಕ್ಕಿದ್ದೀಯ, ಕೊಡ್ಲಾ ಇಲ್ಲಿ."